ಸಿಓ ಸಾಹೇಬರ ವೀರ ಚಕ್ರ

ಆಗಸ್ಟ್ 15 ಬಂತೆಂದರೆ ಅಥಣಿ ಕಡೆಯ ಅನಂತಪುರದಂಥ ಗಡಿಭಾಗದ ಊರುಗಳಲ್ಲಿ ಧ್ವಜಕಟ್ಟೆಯ ಎದುರಿನ ಮೊದಲ ಸಾಲಿನ ಕುರ್ಚಿ ಮಾಜಿ ಸೈನಿಕರಿಗೆ ಮೀಸಲು. ಕೋಟಿನ ಎಡಗಡೆ ಸಾಲಾಗಿ ಪದಕಗಳು, ಅವಕ್ಕೆ ಬಣ್ಣಬಣ್ಣದ ರಿಬ್ಬನ್. ಶಾಲು ಹೊದಿಸುತ್ತಾರೆ, ಹಾರ ಹಾಕುತ್ತಾರೆ, ಮೈಕಿನವರು ಎಲ್ಲರನ್ನೂ ಒಂದೇ ಉಸಿರಿನಲ್ಲಿ ‘ವೀರಯೋಧರು’ ಎನ್ನುತ್ತಾರೆ. ಆ ಪದಕಗಳಲ್ಲಿ ಯಾವುದು ಯಾತಕ್ಕೆ ಬಂತು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಮರ್ಯಾದೆಗೆಟ್ಟಂತಾದೀತು ಎಂಬ ಅಳುಕೂ ಇರಬಹುದು. ಕೇಳದೇ ಹೋದುದರಿಂದ ಆಗಿರುವುದಿಷ್ಟೇ: ಸೈನ್ಯದ ಬಗ್ಗೆ ನಮ್ಮಲ್ಲಿ ಅಭಿಮಾನ ಬೇಕಾದಷ್ಟಿದೆ, ತಿಳಿವಳಿಕೆ ಕಡಿಮೆ.

ಆ ತಿಳಿವಳಿಕೆಗೆ ಒಬ್ಬ ಕನ್ನಡಿಗ ಅಧಿಕಾರಿಯ ಪದಕವನ್ನು ಹಿಡಿದುಕೊಂಡು ಹೋಗಬಹುದು. ಕರ್ನಲ್ ಮಾಗೋಡು ಬಸಪ್ಪ ರವೀಂದ್ರನಾಥ್. ಹುಟ್ಟಿದ್ದು 1959ರಲ್ಲಿ, ದಾವಣಗೆರೆ ಸೀಮೆಯವರು. ಓದಿದ್ದು ಅನಂತಪುರಕ್ಕೆ ದೂರವಲ್ಲದ ವಿಜಯಪುರದ ಸೈನಿಕ ಶಾಲೆಯಲ್ಲಿ. 1999ರ ಕಾರ್ಗಿಲ್ ಯುದ್ಧದಲ್ಲಿ ತೊಲೊಲಿಂಗ್ ಗುಡ್ಡವನ್ನು ಗೆದ್ದ 2ನೇ ರಜಪುತಾನಾ ರೈಫಲ್ಸ್ ಬೆಟಾಲಿಯನ್ನಿನ ಕಮಾಂಡಿಂಗ್ ಆಫೀಸರ್ ಅವರು. ಸೈನ್ಯದ ಬಾಯಲ್ಲಿ ‘ಸಿಓ ಸಾಬ್’. ಅವರಿಗೆ ಬಂದದ್ದು ವೀರ ಚಕ್ರ. ಅವರ ಕೈಕೆಳಗಿನ ನಾಲ್ವರಿಗೆ ಬಂದದ್ದು ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಮಹಾವೀರ ಚಕ್ರ. ಆ ನಾಲ್ವರಲ್ಲಿ ಒಬ್ಬರು ನಾಯಕ್, ಅಂದರೆ ಕೆಳಶ್ರೇಣಿಯ ಜವಾನ. ಎಂಟುನೂರು ಜನರ ಮುಖ್ಯಸ್ಥನಿಗಿಂತ ದೊಡ್ಡ ಪದಕ ಒಬ್ಬ ನಾಯಕ್‌ನ ಎದೆಗೆ ಬಂತು. ಹೀಗೇಕೆ ಎಂಬುದು ತಿಳಿದರೆ ಅಧಿಕಾರಿಯ ಕೆಲಸವೇನು, ಪದಕ ಏನನ್ನು ಅಳೆಯುತ್ತದೆ ಎಂಬುದೂ ತಿಳಿಯುತ್ತದೆ.

ಮೊದಲು ಪದಕಗಳ ಜಾತಿ ನೋಡೋಣ. ಒಬ್ಬ ಸೈನಿಕನ ಎದೆಯ ಮೇಲಿನ ಸಾಲಿನಲ್ಲಿ ಹೆಚ್ಚಿನವು ಶೌರ್ಯದ ಪದಕಗಳಲ್ಲ. ಒಂಬತ್ತು ವರ್ಷ ಸೇವೆ ಮುಗಿದರೆ ಒಂದು, ಇಪ್ಪತ್ತು ವರ್ಷಕ್ಕೆ ಇನ್ನೊಂದು. ಸ್ವಾತಂತ್ರ್ಯದ ಐವತ್ತನೇ ವರ್ಷದಲ್ಲಿ ಸೇವೆಯಲ್ಲಿದ್ದವರಿಗೆ ಒಂದು. ಸಿಯಾಚಿನ್‌ನಂಥ ಜಾಗದಲ್ಲಿದ್ದು ಬಂದವರಿಗೆ, ಇಂತಿಂಥ ಕಾರ್ಯಾಚರಣೆಯಲ್ಲಿ ಭಾಗವಹಿಸಿದವರಿಗೆ ಬೇರೆ. ಇವು ‘ನಾನಲ್ಲಿದ್ದೆ’ ಎಂಬುದಕ್ಕೆ ಸಾಕ್ಷಿ. ಅಷ್ಟಕ್ಕೇ ಅವು ಸಣ್ಣವಾಗುವುದಿಲ್ಲ. ಸಿಯಾಚಿನ್‌ನಲ್ಲಿ ಮೂರು ತಿಂಗಳು ಇದ್ದು ಬರುವುದು ಆಟವಲ್ಲ. ಎರಡನೆಯ ಬಗೆ, ವಿಶಿಷ್ಟ ಸೇವೆಯ ಪದಕಗಳು: ಪರಮ ವಿಶಿಷ್ಟ ಸೇವಾ, ಅತಿ ವಿಶಿಷ್ಟ ಸೇವಾ, ವಿಶಿಷ್ಟ ಸೇವಾ ಪದಕ. ಹಿರಿಯ ಅಧಿಕಾರಿಗಳ ಹೆಸರಿನ ಮುಂದೆ ಹೆಚ್ಚಾಗಿ ಕಾಣುವುದು ಇವೇ. ದೀರ್ಘಕಾಲ ಜವಾಬ್ದಾರಿ ಹೊತ್ತು ಚೆನ್ನಾಗಿ ನಿಭಾಯಿಸಿದ್ದಕ್ಕೆ ಇವು ಬರುತ್ತವೆ.

ಮೂರನೆಯದು ಶೌರ್ಯದ್ದು. ಅದರಲ್ಲೂ ಎರಡು ದಾರಿ. ಶತ್ರುಸೇನೆಯ ಎದುರು ತೋರಿದ ಧೈರ್ಯಕ್ಕೆ ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ. ಭಯೋತ್ಪಾದಕರೊಡನೆ ಕಾದಾಟ, ಪ್ರವಾಹ, ಬೆಂಕಿ ಮುಂತಾದ ಬೇರೆ ಸಂದರ್ಭಗಳ ಶೌರ್ಯಕ್ಕೆ ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರ. ಇವೆಲ್ಲದರ ಕೆಳಗೆ ಸೇನಾ ಪದಕ. 2016ರಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಸಿಕ್ಕಿಕೊಂಡು ಜೀವಂತ ಹೊರಬಂದು, ಆಮೇಲೆ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರಿಗೆ ಬಂದದ್ದು ಇದೇ ಸೇನಾ ಪದಕ.

ವೀರ ಚಕ್ರ ನೋಡಲು ಚಿಕ್ಕದು. ಬೆಳ್ಳಿಯ ದುಂಡು ಬಿಲ್ಲೆ, ಅಡ್ಡಳತೆ ಒಂದೂವರೆ ಅಂಗುಲಕ್ಕೂ ಕಡಿಮೆ. ಮೇಲೆ ಐದು ಮೂಲೆಯ ನಕ್ಷತ್ರ, ನಡುವೆ ಚಕ್ರ, ಚಕ್ರದ ನಡುವೆ ರಾಷ್ಟ್ರಲಾಂಛನ. ಹಿಂಬದಿಗೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಹೆಸರು, ಆ ಎರಡರ ನಡುವೆ ಎರಡು ತಾವರೆ. ರಿಬ್ಬನ್ ಅರ್ಧ ಕಡುನೀಲಿ, ಅರ್ಧ ಕೇಸರಿ. ಮಹಾವೀರ ಚಕ್ರದ ರಿಬ್ಬನ್ ಅರ್ಧ ಬಿಳಿ, ಅರ್ಧ ಕೇಸರಿ. ಮುಂದೆ ಎಲ್ಲಾದರೂ ನೀಲಿ–ಕೇಸರಿ ಕಂಡರೆ ನಿಂತು ಮಾತಾಡಿಸಿ.

ಈ ಮೂರೂ ಚಕ್ರಗಳನ್ನು 1950ರ ಜನವರಿ 26ರಂದು ಸ್ಥಾಪಿಸಿ, 1947ರ ಆಗಸ್ಟ್ 15ರಿಂದಲೇ ಅನ್ವಯವಾಗುವಂತೆ ಮಾಡಿದರು. ಅಂದು ಆದ ಒಂದು ಬದಲಾವಣೆಯನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಬ್ರಿಟಿಷರ ಕಾಲದಲ್ಲಿ ಪದಕಗಳಿಗೂ ಶ್ರೇಣಿಯ ಗೋಡೆಯಿತ್ತು. ವಿಕ್ಟೋರಿಯಾ ಕ್ರಾಸ್ ಮಾತ್ರ ಎಲ್ಲರಿಗೂ ತೆರೆದದ್ದು. ಬೆಳಗಾವಿಯನ್ನು ತವರಾಗಿಸಿಕೊಂಡ ಮರಾಠಾ ರೆಜಿಮೆಂಟಿನ ನಾಯಕ್ ಯಶವಂತ ಘಾಡಗೆ, ಸಿಪಾಯಿ ನಾಮದೇವ ಜಾಧವ ಅದನ್ನು ಎರಡನೇ ಮಹಾಯುದ್ಧದಲ್ಲಿ ಇಟಲಿಯ ನೆಲದಲ್ಲಿ ಗಳಿಸಿದರು. ಅದರ ಕೆಳಗಿನವು ಬೇರೆಬೇರೆ: ಪಡೆ ನಡೆಸುವ ಹಿರಿಯರಿಗೆ ಡಿಎಸ್‌ಓ (ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್), ಕಿರಿಯ ಅಧಿಕಾರಿಗಳಿಗೆ ಮಿಲಿಟರಿ ಕ್ರಾಸ್, ಸಿಪಾಯಿಗಳಿಗೆ ಮಿಲಿಟರಿ ಮೆಡಲ್. ಕೊಡಗಿನ ತಿಮ್ಮಯ್ಯನವರು 1945ರಲ್ಲಿ ಬರ್ಮಾದ ಕಾಂಗಾವ್ ಕದನದಲ್ಲಿ ಬೆಟಾಲಿಯನ್ ನಡೆಸಿದ್ದಕ್ಕೆ ಪಡೆದದ್ದು ಡಿಎಸ್‌ಓ. ಸ್ವತಂತ್ರ ಭಾರತ ಈ ಗೋಡೆ ಒಡೆಯಿತು. ಜನರಲ್‌ನಿಂದ ಸಿಪಾಯಿವರೆಗೆ ಎಲ್ಲರಿಗೂ ಅವೇ ಮೂರು ಚಕ್ರ. ಅಂದಮೇಲೆ ಸಿಓಗೆ ವೀರ ಚಕ್ರ, ನಾಯಕ್‌ಗೆ ಮಹಾವೀರ ಚಕ್ರ ಎಂಬುದು ಸಾಧ್ಯವಾದದ್ದು 1950ರ ಆ ತೀರ್ಮಾನದಿಂದ.

ಇನ್ನು ರವೀಂದ್ರನಾಥರ ದಾರಿ. ಸೈನಿಕ ಶಾಲೆಗಳ ಕಲ್ಪನೆ 1961ರದ್ದು, ವಿ.ಕೆ. ಕೃಷ್ಣ ಮೆನನ್ ರಕ್ಷಣಾ ಸಚಿವರಾಗಿದ್ದಾಗಿನದು. ಸೈನ್ಯದ ಅಧಿಕಾರಿ ಹುದ್ದೆಗಳು ಕೆಲವೇ ಪ್ರದೇಶ, ಕೆಲವೇ ಮನೆತನ, ಇಂಗ್ಲಿಷ್ ಬಲ್ಲ ಕೆಲವೇ ವರ್ಗಗಳ ಪಾಲಾಗಿದ್ದವು. ರೈತರ, ಗುಮಾಸ್ತರ ಮಕ್ಕಳಿಗೂ ಆ ಬಾಗಿಲು ತೆರೆಯಬೇಕೆಂಬುದು ಉದ್ದೇಶ. ಮೊದಲನೆಯದು ಸಾತಾರಾದಲ್ಲಿ ಶುರುವಾಯಿತು. 1963ರ ಸೆಪ್ಟೆಂಬರ್ 16ರಂದು ವಿಜಯಪುರದ್ದು, ಆಗಿನ ಬಿಜಾಪುರದ್ದು. ಹತ್ತು ಹನ್ನೆರಡರ ಹುಡುಗ ಆರನೇ ಇಯತ್ತೆಗೆ ಸೇರಿದರೆ ಹನ್ನೆರಡನೇ ತರಗತಿ ಮುಗಿಯುವ ಹೊತ್ತಿಗೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆಗೆ ಸಿದ್ಧನಾಗಿರುತ್ತಾನೆ. ಅದು ಯುಪಿಎಸ್‌ಸಿ ನಡೆಸುವ ಲಿಖಿತ ಪರೀಕ್ಷೆ. ಅದು ದಾಟಿದರೆ ಎಸ್‌ಎಸ್‌ಬಿ ಎಂಬ ಐದು ದಿನದ ಸಂದರ್ಶನ, ನಿಜವಾದ ಜರಡಿ ಅದೇ. ಆಮೇಲೆ ಪುಣೆ ಪಕ್ಕದ ಖಡಕವಾಸ್ಲಾದಲ್ಲಿ ಮೂರು ವರ್ಷ, ಡೆಹ್ರಾಡೂನಿನಲ್ಲಿ ಒಂದು ವರ್ಷ. ರವೀಂದ್ರನಾಥ್ ಬಂದದ್ದು ಈ ಶಾಲೆ, ಈ ಅಕಾಡೆಮಿಯ ದಾರಿಯಲ್ಲೇ.

ನಮ್ಮ ಭಾಗದ ಹುಡುಗರು ನಸುಕಿನಲ್ಲಿ ರಸ್ತೆಯ ಮೇಲೆ ಓಡಿ ತಯಾರಾಗುವ ಭರ್ತಿ ರ‍್ಯಾಲಿ ಬೇರೆ ದಾರಿ. ಅದು ಜವಾನನ ನೇಮಕಾತಿ. 2022ರಿಂದ ಅಗ್ನಿಪಥದಡಿ ನಾಲ್ಕು ವರ್ಷದ್ದು, ನಾಲ್ಕರಲ್ಲಿ ಒಬ್ಬರಿಗಷ್ಟೇ ಮುಂದುವರಿಕೆ. ಎರಡೂ ದಾರಿ ಗೌರವದವೇ. ಆದರೆ ಚಿಕ್ಕೋಡಿ, ರಾಯಬಾಗ, ಅಥಣಿಯ ಮನೆಗಳಲ್ಲಿ ಮಿಲಿಟರಿ ಎಂದರೆ ಭರ್ತಿ ರ‍್ಯಾಲಿಯಷ್ಟೇ ನೆನಪಾಗುತ್ತದೆ. ಹೊಟ್ಟೆಪಾಡಿನ ಲೆಕ್ಕ ಅದರಲ್ಲಿದೆ ಎಂಬುದು ನಿಜ. ಅಧಿಕಾರಿಯಾಗುವ ದಾರಿಯ ವಿಳಾಸವೇ ಗೊತ್ತಿಲ್ಲ ಎಂಬುದೂ ಅಷ್ಟೇ ನಿಜ.

ಇಲ್ಲಿ ಓದುಗರು ಕೇಳುವ ಒಂದು ಪ್ರಶ್ನೆಯಿದೆ. ಕನ್ನಡಿಗನೊಬ್ಬ ರಜಪುತಾನಾ ರೈಫಲ್ಸ್‌ಗೆ ಸೇರಿದ್ದು ಹೇಗೆ? ಹಳೆಯ ರೆಜಿಮೆಂಟುಗಳಲ್ಲಿ ಜವಾನರ ಭರ್ತಿ ಇಂತಿಂಥ ಪ್ರದೇಶ, ಸಮುದಾಯಗಳಿಂದ ಎಂಬ ರೂಢಿ ಉಳಿದಿದೆ. ರಜಪುತಾನಾ ರೈಫಲ್ಸ್‌ನಲ್ಲಿ ಮುಖ್ಯವಾಗಿ ರಜಪೂತರು, ಜಾಟರು. ಅಧಿಕಾರಿಗಳಿಗೆ ಆ ಕಟ್ಟುಪಾಡಿಲ್ಲ; ಎಲ್ಲಿಂದ ಬಂದವನಾದರೂ ಯಾವ ರೆಜಿಮೆಂಟಿಗಾದರೂ ಹೋಗಬಹುದು. ಹೋದಮೇಲೆ ಅವರ ಮಾತು ಕಲಿಯಬೇಕು, ಅವರ ದೇವರ ಮುಂದೆ ಕೈಮುಗಿಯಬೇಕು, ಅವರ ರಣಘೋಷ ಕೂಗಬೇಕು. ದಾವಣಗೆರೆಯ ಲಿಂಗಾಯತ ಹೆಸರಿನ ಮನುಷ್ಯನ ದಂಡು ‘ರಾಜಾ ರಾಮಚಂದ್ರ ಕೀ ಜೈ’ ಎಂದು ಗುಡ್ಡ ಏರಿದ್ದು ಹೀಗೆ.

ಈಗ ಆ ಗುಡ್ಡ. ಶ್ರೀನಗರದಿಂದ ಲೇಹ್‌ಗೆ ಹೋಗುವ ಹೆದ್ದಾರಿ ಝೋಜಿ ಲಾ ಕಣಿವೆ ದಾಟಿ ದ್ರಾಸ್ ಎಂಬ ಊರಿಗೆ ಬರುತ್ತದೆ. ದ್ರಾಸ್ ಊರೇ ಸಮುದ್ರಮಟ್ಟದಿಂದ 10,000 ಅಡಿಗೂ ಮೇಲೆ. ಅದರ ನೆತ್ತಿಗೆ ಎದ್ದು ನಿಂತದ್ದು ತೊಲೊಲಿಂಗ್. ತುದಿ ಸುಮಾರು 15,000 ಅಡಿ. 1999ರ ಚಳಿಗಾಲದಲ್ಲಿ ಪಾಕಿಸ್ತಾನದ ನಾರ್ದರ್ನ್ ಲೈಟ್ ಇನ್ಫಂಟ್ರಿ ಗಡಿ ನಿಯಂತ್ರಣ ರೇಖೆ ದಾಟಿ ಬಂದು ಇಂಥ ತುದಿಗಳಲ್ಲಿ ಕಲ್ಲಿನ ಬಂಕರ್ ಕಟ್ಟಿಕೊಂಡು ಕೂತಿತ್ತು. ಮೇ ತಿಂಗಳಲ್ಲಿ ಬಟಾಲಿಕ್ ಕಡೆಯ ಕುರುಬರು ಕಂಡು ಹೇಳುವ ತನಕ ನಮಗೆ ಸುಳಿವಿರಲಿಲ್ಲ. ವಿಜಯಪುರದ ಉಪ್ಪಲಿ ಬುರುಜು ಹತ್ತಿದವರಿಗೆ ಎತ್ತರದ ಲಾಭವೇನೆಂದು ಹೇಳಬೇಕಿಲ್ಲ: ಎಂಬತ್ತು ಅಡಿ ಮೇಲೆ ನಿಂತರೆ ಊರಿನ ಓಣಿಓಣಿ ಅಂಗೈ ಮೇಲಿದ್ದ ಹಾಗೆ. ತೊಲೊಲಿಂಗ್ ಮೇಲಿದ್ದವನಿಗೆ ಹೆದ್ದಾರಿಯ ಪ್ರತಿ ಲಾರಿ ಹಾಗೆ ಕಾಣುತ್ತಿತ್ತು. ಲಡಾಖಿನ ಸೈನ್ಯಕ್ಕೆ ಅಕ್ಕಿ, ಸೀಮೆಎಣ್ಣೆ, ಮದ್ದುಗುಂಡು ಹೋಗುವುದು ಆ ರಸ್ತೆಯಲ್ಲೇ.

ಆ ರಸ್ತೆಗೆ ಕನ್ನಡಿಗರ ಹಳೆಯ ಋಣವೊಂದಿದೆ. 1948ರ ನವೆಂಬರ್ 1ರಂದು ಮೇಜರ್ ಜನರಲ್ ತಿಮ್ಮಯ್ಯ ಇದೇ ಝೋಜಿ ಲಾ ಮೇಲೆ, 11,500 ಅಡಿ ಎತ್ತರಕ್ಕೆ ಟ್ಯಾಂಕು ಹತ್ತಿಸಿದರು. ಅಷ್ಟು ಎತ್ತರದಲ್ಲಿ ಟ್ಯಾಂಕು ಬರಬಹುದೆಂದು ಎದುರಾಳಿಗಳು ಕನಸಿನಲ್ಲೂ ಎಣಿಸಿರಲಿಲ್ಲ. ದಾರಿ ಮಾಡಿಕೊಟ್ಟವರು ಬೆಂಗಳೂರನ್ನು ನೆಲೆಯಾಗಿಸಿಕೊಂಡ ಮದ್ರಾಸ್ ಸ್ಯಾಪರ್ಸ್. ಆ ತಿಂಗಳು ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್ ಎರಡೂ ನಮ್ಮ ಕೈಗೆ ಬಂದವು. ಐವತ್ತೊಂದು ವರ್ಷದ ಬಳಿಕ ಅದೇ ರಸ್ತೆ ಉಳಿಸಲು ಇನ್ನೊಬ್ಬ ಕನ್ನಡಿಗ ಅಲ್ಲಿ ನಿಲ್ಲಬೇಕಾಯಿತು.

ರವೀಂದ್ರನಾಥರ ಬೆಟಾಲಿಯನ್ ಬರುವ ಮೊದಲೇ ತೊಲೊಲಿಂಗ್ ಮೇಲೆ ಬಹಳ ರಕ್ತ ಹರಿದಿತ್ತು. 18ನೇ ಗ್ರೆನೇಡಿಯರ್ಸ್ ಮೇ ಕೊನೆಯ ದಿನಗಳಿಂದ ಒಂದರ ಮೇಲೊಂದು ಪ್ರಯತ್ನ ಮಾಡಿತ್ತು. ಮೇ 30ರಂದು ಮೇಜರ್ ರಾಜೇಶ್ ಅಧಿಕಾರಿ ಬಿದ್ದರು. ಜೂನ್ ಮೊದಲ ದಿನಗಳಲ್ಲಿ ಆ ಬೆಟಾಲಿಯನ್ನಿನ ಎರಡನೇ ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ವಿಶ್ವನಾಥನ್ ಕೂಡ ಬಿದ್ದರು. ಗ್ರೆನೇಡಿಯರ್ಸ್‌ನವರಿಗೆ ಧೈರ್ಯ ಕಡಿಮೆ ಇತ್ತೆಂದಲ್ಲ. ಮೇಲೆ ಎಷ್ಟು ಜನರಿದ್ದಾರೆಂಬ ಮಾಹಿತಿಯಿಲ್ಲ, ತೋಪುಗಳ ಬಲ ಸಾಲದು, ಆದರೆ ಬೇಗ ಖಾಲಿ ಮಾಡಿಸಿ ಎಂಬ ಅವಸರ ಇತ್ತು. ಅವರು ಸೋತು ಇಳಿಯಲೂ ಇಲ್ಲ. ತುದಿಯ ಕೆಳಗಿನ ಬಂಡೆಗಳಿಗೆ ಅಂಟಿಕೊಂಡು ಕಾಲೂರಲು ಜಾಗ ಉಳಿಸಿಟ್ಟರು. ಮುಂದಿನವರು ಏರಿದ್ದು ಆ ಜಾಗದಿಂದ. ಗೆದ್ದ ಬೆಟಾಲಿಯನ್ನಿನ ಹೆಸರು ಹೇಳುವಾಗ ಇವರನ್ನು ಮರೆಯುವುದು ಅನ್ಯಾಯ.

ಆ ಹೊತ್ತಿಗೆ ಸಿಓ ಆದವನ ಕೈಯಲ್ಲಿ ಇದ್ದ ಆಯ್ಕೆಗಳನ್ನು ನೋಡಿ. ನಲವತ್ತು ವರ್ಷದ ಮನುಷ್ಯ. ಕೈಕೆಳಗೆ ಸುಮಾರು ಎಂಟುನೂರು ಜನ. ಅವರಲ್ಲಿ ನಾಲ್ಕು ರೈಫಲ್ ಕಂಪನಿ, ಪ್ರತಿ ಕಂಪನಿಗೆ ಒಬ್ಬ ಮೇಜರ್. ಕಾಶ್ಮೀರ ಕಣಿವೆಯ ಕಾಡುಮೇಡಿನಲ್ಲಿ ಭಯೋತ್ಪಾದಕರನ್ನು ಹುಡುಕುತ್ತಿದ್ದ ಪಡೆಯನ್ನು ಏಕಾಏಕಿ ಹಿಮದ ಗುಡ್ಡಕ್ಕೆ ತಂದು ನಿಲ್ಲಿಸಿದ್ದಾರೆ. ಮೈದಾನದಲ್ಲಿ ಒಬ್ಬ ಕಾವಲಿನವನ ಮೇಲೆ ಮೂವರು ಹೋಗಬೇಕೆಂಬುದು ಸೈನ್ಯದ ಲೆಕ್ಕ. ಗುಡ್ಡದಲ್ಲಿ ಆರು, ಕೆಲವೊಮ್ಮೆ ಒಂಬತ್ತು. ಎತ್ತರಕ್ಕೆ ಹೊಂದಿಕೊಳ್ಳಲೂ ನಿಯಮವಿದೆ. 9,000 ಅಡಿಯಿಂದ 12,000 ಅಡಿವರೆಗೆ ಆರು ದಿನ, ಅಲ್ಲಿಂದ 15,000 ಅಡಿವರೆಗೆ ಮತ್ತೆ ನಾಲ್ಕು, ಅದಕ್ಕೂ ಮೇಲೆ ಇನ್ನೂ ನಾಲ್ಕು. ಇದು ತಪ್ಪಿದರೆ ಗುಂಡು ತಾಗದೆಯೇ ಶ್ವಾಸಕೋಶದಲ್ಲಿ ನೀರು ತುಂಬಿ ಗಟ್ಟಿಮುಟ್ಟಾದ ಜವಾನ ಸಾಯುತ್ತಾನೆ. ಇಪ್ಪತ್ತು ಇಪ್ಪತ್ತೈದು ಕಿಲೋ ಹೊತ್ತು ಏರುವಾಗ ನೀರು ಒಯ್ಯಬೇಕೋ ಗುಂಡು ಒಯ್ಯಬೇಕೋ ಎಂಬುದೂ ಒಂದು ತೀರ್ಮಾನವೇ.

ಇದರ ಮೇಲೆ ದೆಹಲಿಯ ಕಟ್ಟಪ್ಪಣೆ: ನಿಯಂತ್ರಣ ರೇಖೆ ದಾಟಬಾರದು. ಎರಡೂ ದೇಶ ಅಣುಬಾಂಬ್ ಪರೀಕ್ಷೆ ಮಾಡಿ ಒಂದು ವರ್ಷವಾಗಿತ್ತು. ವಾಜಪೇಯಿ ಸರ್ಕಾರ ಯುದ್ಧ ಹರಡದಂತೆ ಬಿಗಿಹಿಡಿದಿತ್ತು. ರಾಜಕೀಯವಾಗಿ ಅದು ಜಾಣ ನಿರ್ಧಾರ. ಜಗತ್ತು ಭಾರತದ ಪರ ನಿಂತದ್ದು ಅದರಿಂದಲೇ. ಆದರೆ ಅದರ ಬೆಲೆ ತೆತ್ತವರು ಕಾಲಾಳು ಸೈನಿಕರು. ಶತ್ರುವಿನ ಬೆನ್ನಿನ ಕಡೆಯ ನೆಲಕ್ಕೆ ಕಾಲಿಡುವಂತಿಲ್ಲ, ಅವನ ದಾಸ್ತಾನಿನ ದಾರಿ ಕಡಿಯುವಂತಿಲ್ಲ. ನೆಟ್ಟಗಿನ ಇಳಿಜಾರಿನಲ್ಲಿ ಎದುರಿನಿಂದ, ಅಕ್ಕಪಕ್ಕದ ಏಣುಗಳಿಂದಲೇ ಏರಬೇಕು.

ಈ ಇಕ್ಕಟ್ಟಿನಲ್ಲಿ ರವೀಂದ್ರನಾಥ್ ಮಾಡಿದ ಕೆಲಸ ಹೊರಗಿನಿಂದ ನೋಡಿದರೆ ಶೌರ್ಯದಂತೆ ಕಾಣುವುದೇ ಇಲ್ಲ. ದಾಳಿಗೆ ಮೊದಲು ಗುಡ್ಡ ನೋಡಿಸಿದರು. ಮೇಲೆ ಹೋಗಬೇಕಾದ ಕಂಪನಿ ಕಮಾಂಡರುಗಳಿಗೆ ಯಾವ ಬಂಕರ್ ಎಲ್ಲಿ, ಯಾವ ಕಲ್ಲಿನ ಮರೆ ಎಲ್ಲಿ ಎಂದು ಕಣ್ಣಾರೆ ಕಾಣುವ ಅವಕಾಶ ಮಾಡಿದರು. ಹತ್ತಿರದಲ್ಲಿ ಅಂಥದೇ ಏಣು ಹುಡುಕಿ ತಾಲೀಮು ನಡೆಸಿದರು. ಬಂದೂಕುಗಳ ಗುರಿ ಸರಿಪಡಿಸಿಕೊಂಡರು. ತೆಳು ಗಾಳಿಯಲ್ಲಿ ಗುಂಡಿನ ಓಟವೇ ಬೇರೆ. ತೋಪುಗಳು ಸಾಕಷ್ಟು ಬಂದು ಜಮೆಯಾಗುವ ತನಕ ದಾಳಿ ಶುರುವಾಗಲಿಲ್ಲ. ದಿನ ಕಳೆದಂತೆ ಮೇಲಿನವರ ಫೋನು, ಟಿವಿಯವರ ಗದ್ದಲ, ದೇಶದ ಕಾತರ ಎಲ್ಲ ಏರುತ್ತಿದ್ದಾಗ ‘ಇನ್ನೂ ತಯಾರಾಗಿಲ್ಲ’ ಎಂಬಂತೆ ನಿಲ್ಲಲು ಧೈರ್ಯ ಬೇಕು. ಆ ಧೈರ್ಯಕ್ಕೆ ರಿಬ್ಬನ್ ಇಲ್ಲ. ನನ್ನ ಮಟ್ಟಿಗೆ ತೊಲೊಲಿಂಗ್ ಅರ್ಧ ಗೆದ್ದದ್ದು ಗುಡ್ಡದ ಕೆಳಗೆ, ಆ ದಿನಗಳಲ್ಲಿ.

ತೋಪಿನ ವಿಷಯ ಬಂದದ್ದಕ್ಕೆ ಒಂದು ಮಾತು. 1986ರಲ್ಲಿ ಸ್ವೀಡನ್ನಿನಿಂದ 410 ಬೋಫೋರ್ಸ್ ತೋಪುಗಳನ್ನು ಕೊಂಡದ್ದು, ಆ ಕಮಿಷನ್ ಹಗರಣದಲ್ಲಿ ಸರ್ಕಾರವೇ ಉರುಳಿದ್ದು ನಮಗೆಲ್ಲ ಗೊತ್ತು. ಅದೇ ತೋಪು ದ್ರಾಸ್‌ನಲ್ಲಿ ಗುಡ್ಡದ ತುದಿಯ ಬಂಕರುಗಳ ಮೇಲೆ ನೇರ ಗುರಿಯಿಟ್ಟು ಹೊಡೆಯಿತು. ಖರೀದಿಯಲ್ಲಿ ಕಳ್ಳತನವಾಗಿದ್ದರೆ ಅದು ಕಳ್ಳತನವೇ, ಮಾಲು ಒಳ್ಳೆಯದಿದ್ದರೆ ಅದು ಒಳ್ಳೆಯದೇ. ಎರಡನ್ನೂ ಒಟ್ಟಿಗೆ ಹೇಳಲು ನಮ್ಮ ರಾಜಕೀಯಕ್ಕೆ ಇಂದಿಗೂ ಬಾಯಿ ಬಂದಿಲ್ಲ.

ಜೂನ್ 12ರ ರಾತ್ರಿ ತೋಪುಗಳು ಗುಡ್ಡವನ್ನು ಬೆಳಗಿಸಿದವು. ಅವುಗಳ ಹೊಡೆತದ ಮರೆಯಲ್ಲಿ ಕಂಪನಿಗಳು ಏರಿದವು. ತುದಿ ಹತ್ತಿರವಾದಂತೆ ತೋಪು ನಿಲ್ಲಿಸಲೇಬೇಕು, ಇಲ್ಲವಾದರೆ ನಮ್ಮವರ ಮೇಲೆಯೇ ಬೀಳುತ್ತದೆ. ಅಲ್ಲಿಂದ ಮುಂದೆ ಗ್ರೆನೇಡು, ಬಂದೂಕು, ಕೈಕೈ. ಮೇಜರ್ ವಿವೇಕ್ ಗುಪ್ತಾ ತಮ್ಮ ಕಂಪನಿಯ ಮುಂದೆ ನಿಂತು ಬಂಕರಿಗೆ ನುಗ್ಗಿದರು. ಗುಂಡುಗಳು ತಾಗಿ ಅಲ್ಲೇ ತೀರಿಕೊಂಡರು. ಹವಾಲ್ದಾರ್ ಯಶವೀರ್ ಸಿಂಗ್ ಗ್ರೆನೇಡುಗಳನ್ನು ಒಂದರ ಹಿಂದೊಂದು ಎಸೆಯುತ್ತಲೇ ಪ್ರಾಣಬಿಟ್ಟರು. ಲೈಟ್ ಮಷೀನ್ ಗನ್ ಹಿಡಿದಿದ್ದ ನಾಯಕ್ ದಿಗೇಂದ್ರ ಕುಮಾರ್ ಮೈಗೆ ಗುಂಡು ಹೊಕ್ಕ ಮೇಲೂ ಗುಂಡಿನ ಮಳೆ ನಿಲ್ಲಿಸಲಿಲ್ಲ. ಅವರು ಬದುಕಿ ಬಂದರು. 13ರ ಬೆಳಗಿನ ಹೊತ್ತಿಗೆ ತುದಿ ನಮ್ಮದಾಗಿತ್ತು. ಪ್ರಧಾನಿ ವಾಜಪೇಯಿ ಕಾರ್ಗಿಲ್‌ಗೆ ಬಂದದ್ದೂ ಅದೇ ದಿನ. ಯುದ್ಧ ಶುರುವಾದ ಮೇಲೆ ಭಾರತಕ್ಕೆ ಸಿಕ್ಕ ಮೊದಲ ದೊಡ್ಡ ಗೆಲುವು ಅದು. ಗಾಳಿ ತಿರುಗಿದ್ದು ಅಲ್ಲಿಂದ.

ಎರಡು ವಾರ ಕಳೆಯುವುದರೊಳಗೆ ಅದೇ ಬೆಟಾಲಿಯನ್ನಿಗೆ ಮುಂದಿನ ಕೆಲಸ ಬಂತು: ತ್ರೀ ಪಿಂಪಲ್ಸ್ ಎಂದು ನಕ್ಷೆಯಲ್ಲಿ ಹೆಸರಿಟ್ಟ ಮೂರು ಬಂಡೆಮೊನೆಗಳು. ಜೂನ್ 28ರ ರಾತ್ರಿ ಮೇಜರ್ ಪದ್ಮಪಾಣಿ ಆಚಾರ್ಯ ಅಲ್ಲಿ ಬಿದ್ದರು. ಇಪ್ಪತ್ತೆರಡರ ಹರೆಯದ ಕ್ಯಾಪ್ಟನ್ ವಿಜಯಂತ್ ಥಾಪರ್ ಕೂಡ ಅದೇ ಕಾದಾಟದಲ್ಲಿ ಹೋದರು. ಕ್ಯಾಪ್ಟನ್ ನೈಕೆಝಾಕುವೋ ಕೆಂಗುರುಸೆ ನಾಗಾಲ್ಯಾಂಡಿನವರು, ಆರ್ಮಿ ಸರ್ವಿಸ್ ಕೋರ್‌ನವರು, ಅಂದರೆ ರೇಷನ್, ಪೆಟ್ರೋಲು ಸಾಗಿಸುವ ವಿಭಾಗದಿಂದ ಈ ಬೆಟಾಲಿಯನ್ನಿಗೆ ಬಂದವರು. ಅವರ ಹೆಸರು ಉಚ್ಚರಿಸಲಾಗದ ರಾಜಸ್ಥಾನಿ ಜವಾನರು ‘ನಿಂಬು ಸಾಬ್’ ಎಂದು ಕರೆಯುತ್ತಿದ್ದರು. ಹಿಮಗಟ್ಟಿದ ಬಂಡೆಯ ಮೇಲೆ ಬೂಟು ಜಾರಿದಾಗ ಅವರು ಬೂಟು ಬಿಚ್ಚಿ ಬರಿಗಾಲಲ್ಲಿ ಏರಿದರು. ಬಂಕರ್ ಒಡೆದು, ಅಲ್ಲಿಯೇ ಪ್ರಾಣ ಕೊಟ್ಟರು. ಗುಪ್ತಾ, ಆಚಾರ್ಯ, ಕೆಂಗುರುಸೆ, ದಿಗೇಂದ್ರ: ಒಂದೇ ಬೆಟಾಲಿಯನ್, ಒಂದೇ ತಿಂಗಳು, ನಾಲ್ಕು ಮಹಾವೀರ ಚಕ್ರ.

ಪದಕ ಸಿಗುವ ಕ್ರಮ ಇಲ್ಲಿ ಮುಖ್ಯ. ಯಾರೋ ದೆಹಲಿಯಲ್ಲಿ ಕೂತು ಹೆಸರು ಆರಿಸುವುದಿಲ್ಲ. ಕಾದಾಟ ಮುಗಿದ ಮೇಲೆ ಬೆಟಾಲಿಯನ್ನಿನಲ್ಲೇ ಕಡತ ಹುಟ್ಟುತ್ತದೆ. ಇಂಥವನು ಇಂಥ ರಾತ್ರಿ ಇಂಥ ಜಾಗದಲ್ಲಿ ಏನು ಮಾಡಿದ ಎಂದು ಬರೆಯಬೇಕು, ಕಂಡವರ ಹೇಳಿಕೆ ಲಗತ್ತಿಸಬೇಕು. ಶಿಫಾರಸಿಗೆ ಮೊದಲ ಸಹಿ ಸಿಓ ಅವರದು. ಅಲ್ಲಿಂದ ಬ್ರಿಗೇಡ್, ಡಿವಿಷನ್, ಮೇಲಿನ ಕಮಾಂಡುಗಳು, ಸೇನಾ ಪ್ರಧಾನ ಕಚೇರಿ, ರಕ್ಷಣಾ ಸಚಿವಾಲಯ, ಕೊನೆಗೆ ರಾಷ್ಟ್ರಪತಿ. ನಡುವೆ ಪದಕದ ಮಟ್ಟ ಏರಬಹುದು, ಇಳಿಯಬಹುದು, ಹೆಸರೇ ಬಿದ್ದುಹೋಗಬಹುದು. ಸತ್ತವರ ಪರ ಬರೆಯುವವರು ಬದುಕಿದವರೇ. ರಾತ್ರಿ ಏರಿದ ಗುಡ್ಡದಲ್ಲಿ ಸಾಕ್ಷಿಯೂ ಸತ್ತಿದ್ದರೆ ಆ ಶೌರ್ಯ ಕಾಗದಕ್ಕೆ ಬರುವುದೇ ಇಲ್ಲ. ಸಿಓ ಸರಿಯಾಗಿ ವಿಚಾರಿಸದಿದ್ದರೆ, ಮನಸ್ಸಿಟ್ಟು ಬರೆಯದಿದ್ದರೆ ಜವಾನನ ಹೆಸರು ಅಲ್ಲಿಗೆ ಮುಗಿಯಿತು. ಆದ್ದರಿಂದ ಒಂದು ಬೆಟಾಲಿಯನ್ನಿಗೆ ಬಂದ ಪದಕಗಳ ಪಟ್ಟಿ ಅದರ ಸಿಓ ತನ್ನವರನ್ನು ಎಷ್ಟು ಬಲ್ಲ ಎಂಬುದರ ಲೆಕ್ಕವೂ ಹೌದು. ಆ ನಾಲ್ಕು ಮಹಾವೀರ ಚಕ್ರಗಳ ಪಕ್ಕದಲ್ಲಿಟ್ಟು ನೋಡಿದಾಗ ರವೀಂದ್ರನಾಥರ ವೀರ ಚಕ್ರ ಚಿಕ್ಕದಾಗಿ ಕಾಣುವುದಿಲ್ಲ. ಅವರ ಕೆಲಸದ ಬಹುಪಾಲು ಬೇರೆಯವರ ಎದೆಯ ಮೇಲಿದೆ.

ಕೆಲವರು ಇದಕ್ಕೆ ಆಕ್ಷೇಪ ಎತ್ತುತ್ತಾರೆ. ಹಿಂದೆ ನಿಂತು ವೈರ್‌ಲೆಸ್ಸಿನಲ್ಲಿ ಮಾತಾಡಿದವರಿಗೆ ಶೌರ್ಯ ಪದಕ ಯಾಕೆ, ಏರಿದ್ದು ಹುಡುಗರಲ್ಲವೇ ಎಂದು. ಬೆಟಾಲಿಯನ್ ಸಿಓ ಎಂಬವನು ‘ಹಿಂದೆ’ ಇರುವುದೇ ಇಲ್ಲ ಎಂಬುದು ಮೊದಲ ಉತ್ತರ. ಗ್ರೆನೇಡಿಯರ್ಸ್‌ನ ಎರಡನೇ ಮುಖ್ಯಸ್ಥ ಸತ್ತದ್ದು ಅದೇ ಗುಡ್ಡದ ಮೇಲೆ. ಎರಡನೆಯದು ಇನ್ನೂ ಕಷ್ಟದ್ದು. ಜವಾನ ತನ್ನ ಪ್ರಾಣ ಪಣಕ್ಕಿಡುತ್ತಾನೆ. ಸಿಓ ಇನ್ನೊಬ್ಬರ ಮಕ್ಕಳ ಪ್ರಾಣ ಪಣಕ್ಕಿಡಬೇಕು. ಒಬ್ಬ ಕಂಪನಿ ಕಮಾಂಡರ್ ಬಿದ್ದ ಸುದ್ದಿ ಕಿವಿಗೆ ಬಿದ್ದ ಮರುಕ್ಷಣವೇ ಮತ್ತೊಂದು ಕಂಪನಿಯನ್ನು ಕಳಿಸಬೇಕೋ ಬೇಡವೋ ಎಂದು ನಡುಗದ ದನಿಯಲ್ಲಿ ಹೇಳಬೇಕು. ತಪ್ಪಾದರೆ ಅದರೊಂದಿಗೆ ಬಾಳುವವನೂ ಅವನೇ.

ಅಷ್ಟೇ ಪ್ರಾಮಾಣಿಕವಾಗಿ ಇನ್ನೊಂದನ್ನೂ ಹೇಳಬೇಕು. ಆ ಯುದ್ಧದಲ್ಲಿ ನಮ್ಮ 527 ಸೈನಿಕರು ಸತ್ತರು. ಕೆ. ಸುಬ್ರಹ್ಮಣ್ಯಂ ನೇತೃತ್ವದ ಕಾರ್ಗಿಲ್ ಪರಿಶೀಲನಾ ಸಮಿತಿ ಗುಪ್ತಚರ ವ್ಯವಸ್ಥೆಯ ಲೋಪಗಳನ್ನು ಬಿಡಿಸಿ ಬರೆಯಿತು. ಒಂದು ತುದಿಯನ್ನು ಮರಳಿ ಪಡೆಯಲು ಇಷ್ಟು ಶೌರ್ಯ ಬೇಕಾಯಿತೆಂದರೆ ಅದನ್ನು ಕಳೆದುಕೊಂಡದ್ದು ಯಾರ ಅಜಾಗರೂಕತೆಯಿಂದ ಎಂದು ಕೇಳುವುದು ಸೈನಿಕನಿಗೆ ಮಾಡುವ ಅವಮಾನವಲ್ಲ. ಪದಕ ಕೊಟ್ಟಾಯಿತೆಂದು ಆ ಪ್ರಶ್ನೆ ಮುಚ್ಚಿಹೋಗಬಾರದು.

ರವೀಂದ್ರನಾಥ್ ಕರ್ನಲ್ ಆಗಿಯೇ ನಿವೃತ್ತರಾದರು. 2018ರ ಏಪ್ರಿಲ್ 8ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ವಯಸ್ಸು 58. ಪತ್ರಿಕೆಗಳಲ್ಲಿ ಸುದ್ದಿ ಬಂತು, ಒಂದೆರಡು ದಿನ ಮಾತಾಯಿತು. ಕಾರಿಯಪ್ಪ, ತಿಮ್ಮಯ್ಯನವರ ಹೆಸರು ಶಾಲೆಯ ಮಕ್ಕಳ ಬಾಯಲ್ಲಿದೆ. ತೊಲೊಲಿಂಗ್ ಸಿಓ ಕನ್ನಡಿಗರೆಂಬುದು ಅವರು ಓದಿದ ಜಿಲ್ಲೆಯ ಸುತ್ತಮುತ್ತಲೇ ಎಷ್ಟು ಮಂದಿಗೆ ಗೊತ್ತು? ತೊಲೊಲಿಂಗ್ ಬುಡದಲ್ಲಿ, ದ್ರಾಸ್‌ನ ಹೆದ್ದಾರಿಯ ಪಕ್ಕ ಕಾರ್ಗಿಲ್ ಸ್ಮಾರಕವಿದೆ. ಅಲ್ಲಿನ ಗೋಡೆಯ ಮೇಲೆ ಇರುವುದು ಪ್ರಾಣ ಕೊಟ್ಟವರ ಹೆಸರು, ಹಾಗೇ ಇರಬೇಕು ಕೂಡ. ಬದುಕಿ ಬಂದು, ಹತ್ತೊಂಬತ್ತು ವರ್ಷದ ಬಳಿಕ ಬೆಳಗಿನ ವಾಕಿಂಗಿನ ವಯಸ್ಸಿನಲ್ಲಿ ಹೋದ ಸಿಓಗೆ ಆ ಗೋಡೆಯಲ್ಲಿ ಜಾಗವಿಲ್ಲ. ಅಂಥವರಿಗೆ ಉಳಿಯುವುದು ಸರ್ಕಾರದ ಗೆಜೆಟ್ಟಿನಲ್ಲಿ ಅಚ್ಚಾದ ಕೆಲವು ಸಾಲುಗಳ ಪ್ರಶಸ್ತಿಪತ್ರ ಮಾತ್ರ.

ಆ ಸಾಲುಗಳು ಗುಟ್ಟಿನವಲ್ಲ. ರಕ್ಷಣಾ ಸಚಿವಾಲಯದ ಶೌರ್ಯ ಪ್ರಶಸ್ತಿಗಳ ಜಾಲತಾಣದಲ್ಲಿ ಪದಕ ಪಡೆದವರ ಹೆಸರು, ಘಟಕ, ಸಾಹಸದ ವಿವರ ಹುಡುಕಿ ತೆಗೆಯಬಹುದು. ಹಿಂದಿ, ಇಂಗ್ಲಿಷಿನಲ್ಲಿದೆ, ನಮ್ಮ ಯಾವುದೇ ಹೈಸ್ಕೂಲ್ ಮಾಸ್ತರರು ಒಂದು ಮಧ್ಯಾಹ್ನದಲ್ಲಿ ಕನ್ನಡಕ್ಕೆ ತರಬಲ್ಲರು. ಆಗಸ್ಟ್ 15ರ ಭಾಷಣದಲ್ಲಿ ‘ವೀರಯೋಧರು’ ಎಂದು ಹತ್ತು ಸಲ ಹೇಳುವ ಬದಲು ಒಬ್ಬರ ಪ್ರಶಸ್ತಿಪತ್ರವನ್ನು ಪೂರ್ತಿ ಓದಲಿ. ಮೊದಲ ಸಾಲಿನಲ್ಲಿ ಕೂತ ಊರಿನ ಮಾಜಿ ಹವಾಲ್ದಾರರನ್ನು ಮಕ್ಕಳ ಎದುರು ಮಾತಿಗೆಳೆದು, ಅವರ ಎದೆಯ ಮೇಲಿನ ಒಂದೊಂದು ರಿಬ್ಬನ್ನಿನ ಹೆಸರು ಕೇಳಲಿ. ಸಿಯಾಚಿನ್ನಿನದೋ, ಇಪ್ಪತ್ತು ವರ್ಷದ ದುಡಿಮೆಯದೋ, ಏನೇ ಇರಲಿ. ಐದನೇ ಇಯತ್ತೆಯ ಹುಡುಗ ಹುಡುಗಿಯರಿಗೆ ವಿಜಯಪುರದ ಶಾಲೆಯ ಪ್ರವೇಶ ಪರೀಕ್ಷೆಯ ಅರ್ಜಿ ಯಾವಾಗ ಬರುತ್ತದೆ ಎಂಬ ಚೀಟಿಯೊಂದನ್ನು ಅಂದೇ ಫಲಕಕ್ಕೆ ಅಂಟಿಸಲಿ. ಸೈನಿಕ ಶಾಲೆಗಳು ಈಗ ಹೆಣ್ಣುಮಕ್ಕಳಿಗೂ ತೆರೆದಿವೆ.